ಕೆರ ಹೊಲಿದ ಕವಿಯನ್ನು ಎಲ್ಲಿ ಬಚ್ಚಿಟ್ಟಿರಿ?

ಕಕ್ಕೇರಾದ ನಮ್ಮ ಕೇರಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರು ನಾವು ನಾಲ್ಕೈದು ಜನ. ನಮ್ಮ ಅಪ್ಪಂದಿರು ಹೆಬ್ಬೆಟ್ಟು ಒತ್ತಿದವರು. ನಮ್ಮ ಅವ್ವಂದಿರು ಹತ್ತಿ ಬಿಡಿಸಿದವರು, ಕಳೆ ಕಿತ್ತವರು, ಬ್ಯಾಸಗಿ ಬಂದರೆ ಗುಳೆ ಹೋಗಿ ಬೆಂಗಳೂರಿನ ಕಟ್ಟಡಗಳಿಗೆ ಇಟ್ಟಂಗಿ ಹೊತ್ತವರು. ಆ ಇಟ್ಟಂಗಿಯ ಕೂಲಿಯಿಂದ ನಾವು ಇಂಗ್ಲಿಷ್ ಕಾವ್ಯ ಓದಿದೆವು. ಇದನ್ನು ಮೊದಲೇ ಹೇಳಿಬಿಡುತ್ತೇವೆ. ಯಾಕೆಂದರೆ ನಾವು ಇಲ್ಲಿ ತೆಗೆಯುತ್ತಿರುವ ಜಗಳ ಆ ಕೂಲಿಯ ಲೆಕ್ಕ ಕೇಳುವ ಜಗಳ.

ಪರೀಕ್ಷೆಯ ಹಿಂದಿನ ರಾತ್ರಿ ನಮ್ಮಲ್ಲೊಬ್ಬನ ಅವ್ವ ರೊಟ್ಟಿ ಬಡಿಯುತ್ತ ಕೇಳಿದಳು: "ಏನೋ ತಮ್ಮ, ಆಗಿಂದ ಓದಾಕತ್ತೀಯಲ್ಲ, ಆ ಪುಸ್ತಕದಾಗ ನಮ್ಮಂಥೋರು ಯಾರರ ಅದಾರೇನು?"

"ಇಲ್ಲಬೇ. ಅದು ದೊಡ್ಡೋರ ಪುಸ್ತಕ."

"ಹಂಗಾದ್ರ ನೀ ಎದಕ್ಕ ಓದ್ತಿ?"

ಅವತ್ತು ನಮ್ಮವನು ಹೇಳಿದ್ದು ಸುಳ್ಳು. ಗೊತ್ತಿಲ್ಲದೆ ಹೇಳಿದ ಸುಳ್ಳು. ನಮಗೆ ಪಾಠ ಹೇಳಿದವರು, ನಮಗಾಗಿ ಪಠ್ಯ ಆರಿಸಿದವರು ನಮ್ಮ ಬಾಯಿಂದ ಹೇಳಿಸಿದ ಸುಳ್ಳು.

ಕರಿ ಹಲಗೆಯ ಮೇಲೆ ಐದು ಹೆಸರು ಬಿದ್ದವು. ವರ್ಡ್ಸ್‌ವರ್ತ್, ಕೋಲ್‌ರಿಜ್, ಬೈರನ್, ಶೆಲ್ಲಿ, ಕೀಟ್ಸ್. ಇವರು ರಮ್ಯ ಯುಗದ ಕವಿಗಳು. ಇವರ ಲಕ್ಷಣಗಳು ಹತ್ತು: ಪ್ರಕೃತಿ ಪ್ರೇಮ, ಕಲ್ಪನೆ, ಏಕಾಂತ, ಗತಕಾಲದ ಮೋಹ ಇತ್ಯಾದಿ. ಬರೆದುಕೊಳ್ಳಿರಿ, ಗೈಡಿನಲ್ಲಿ ಇದೆ, ಹದಿನೈದು ಅಂಕಕ್ಕೆ ಬರುತ್ತದೆ. ಒಬ್ಬ ಗುರುಗಳು ನಮ್ಮ ಬೆಂಚಿನ ಕಡೆ ತಿರುಗಿ, "ನಿಮಗೆ ಪಾಸಾದರೆ ಸಾಕಲ್ಲ, ರಸ ಗಿಸ ಯಾಕೆ?" ಅಂದು ನಕ್ಕರು. ನಾವೂ ನಕ್ಕೆವು. ನಗದಿದ್ದರೆ ಒಳಗಿನ ಅಂಕ ಅವರ ಕೈಯಲ್ಲಿತ್ತು.

ಡ್ಯಾಫೊಡಿಲ್ ಹೂವು ನಾವು ನೋಡಿಲ್ಲ ಅನ್ನುವುದು ನಮ್ಮ ದೂರಲ್ಲ. ಆ ಹಳೇ ದೂರು ನಮಗೆ ಬೇಡ. ಹಳಗನ್ನಡದ ಕಾವ್ಯಗಳ ನಂದನವನವನ್ನೂ ನಾವು ನೋಡಿಲ್ಲ, ಆ ವನದೊಳಗೆ ನಮ್ಮನ್ನು ಬಿಡುತ್ತಲೂ ಇರಲಿಲ್ಲ. ಡ್ಯಾಫೊಡಿಲ್ ಚೆಂದವೇ ಇರಬಹುದು. ನಮ್ಮ ಪ್ರಶ್ನೆ ಬೇರೆ. ಆ ಹೂವಿನ ಪಕ್ಕದ ಹೊಲದಲ್ಲಿ ಬಗ್ಗಿ ದುಡಿಯುತ್ತಿದ್ದವನು ಯಾರು? ಅವನೂ ಬರೆದನಲ್ಲ, ಅವನ ಪುಸ್ತಕ ಎಲ್ಲಿ?

ಹೌದು ಸ್ವಾಮಿ, ಅವನೂ ಬರೆದ. ಕಾಲೇಜಿನ ಕಪಾಟಿನಲ್ಲಿ ಸಿಗದ ಅವನು ನಮಗೆ ಸಿಕ್ಕಿದ್ದು ಒಡೆದ ಮೊಬೈಲಿನ ಗಾಜಿನ ಹಿಂದೆ.

ರಾಬರ್ಟ್ ಬ್ಲೂಮ್‌ಫೀಲ್ಡ್. 1766ರಲ್ಲಿ ಹುಟ್ಟಿದವನು. ಹುಡುಗನಾಗಿದ್ದಾಗ ಹೊಲದ ಆಳು. ಮೈ ಸಣ್ಣದು, ಹೊಲದ ಕೆಲಸಕ್ಕೆ ಆಗುವುದಿಲ್ಲ ಅಂತ ಲಂಡನ್ನಿಗೆ ಅಣ್ಣನ ಕಡೆ ಕೆರ ಹೊಲಿಯಲು ಕಳಿಸಿದರು. ಅಟ್ಟದ ಮೇಲಿನ ಒಂದು ಕೋಣೆಯಲ್ಲಿ ಕೂತು ಹೊಲಿಯುವವರ ನಡುವೆ ಈ ಹುಡುಗ ಪೇಪರು ಓದಿ ಹೇಳುತ್ತಿದ್ದ. ಮುಂದೆ ಅಂಥದೇ ಕೋಣೆಯಲ್ಲಿ, ಕೈಯಲ್ಲಿ ರಂಪಿಗೆ, ಉಳಿ ಇರುವಾಗಲೇ, ತಲೆಯೊಳಗೆ ಸಾಲು ಕಟ್ಟಿದ. ಕಾಗದಕ್ಕೆ ಇಳಿಸುವ ಮೊದಲು ಪದ್ಯದ ಬಹುಭಾಗ ನೆನಪಿನಲ್ಲೇ ಇಟ್ಟುಕೊಂಡಿದ್ದ. 'ದಿ ಫಾರ್ಮರ್ಸ್ ಬಾಯ್' ಅನ್ನುವ ಆ ಕಾವ್ಯ 1800ರಲ್ಲಿ ಅಚ್ಚಾಯಿತು. ಮೂರು ವರ್ಷದೊಳಗೆ ಸುಮಾರು 26,000 ಪ್ರತಿ ಖರ್ಚಾದವು. ಹಲಗೆಯ ಮೇಲಿನ ಐವರಲ್ಲಿ ಎಷ್ಟು ಜನ ಅಷ್ಟು ಬೇಗ ಅಷ್ಟು ಓದುಗರನ್ನು ಕಂಡರು? ಕಡೆಗೆ 1823ರಲ್ಲಿ ಬಡತನದಲ್ಲೇ ಸತ್ತ.

ಮಾದಾರ ಚೆನ್ನಯ್ಯನ ಹೆಸರು ಹೇಳುವ ನಾಡು ಇದು. ಹರಳಯ್ಯ ತನ್ನ ತೊಡೆಯ ಚರ್ಮದಿಂದ ಕೆರ ಮಾಡಿದ ಅನ್ನುವ ಕಥೆ ಹೇಳಿ ಕಣ್ಣೀರು ಹಾಕುವ ನಾಡು ಇದು. ಇಂಥ ನಾಡಿನ ಕಾಲೇಜುಗಳಿಗೆ ಇಂಗ್ಲೆಂಡಿನ ಕೆರ ಹೊಲಿದ ಕವಿಯನ್ನು ಪರಿಚಯ ಮಾಡಿಕೊಡಬೇಕು ಅಂತ ಯಾರಿಗೂ ಅನ್ನಿಸಲಿಲ್ಲವೇ? ಅನ್ನಿಸುವುದಿಲ್ಲ. ಯಾಕೆಂದರೆ ಜಾತಿ ಬರೇ ನಮ್ಮ ಊರಿನ ಬಾವಿಕಟ್ಟೆಯ ಮೇಲೆ ಕೂತಿಲ್ಲ, ಪಠ್ಯಪುಸ್ತಕ ಸಮಿತಿಯ ಕುರ್ಚಿಯ ಮೇಲೂ ಕೂತಿದೆ.

ಆ ಇಂಗ್ಲೆಂಡಿನಲ್ಲೂ ಅದು ಬೇರೆ ಹೆಸರಿನಲ್ಲಿ ಇತ್ತು. ಸ್ವಾತಂತ್ರ್ಯದ ಕವಿ ಅಂತ ನಮಗೆ ಹೇಳಿಕೊಟ್ಟ ಬೈರನ್, 1809ರ ತನ್ನ ವಿಡಂಬನೆಯಲ್ಲಿ ಈ ಕೆರ ಹೊಲಿಯುವ ಕವಿಗಳನ್ನು ಗೇಲಿ ಮಾಡಿದ. ಅದೇ ಬೈರನ್ 1812ರಲ್ಲಿ ಶ್ರೀಮಂತರ ಸಭೆಯಲ್ಲಿ ಎದ್ದು ನಿಂತು, ಮಗ್ಗದ ಯಂತ್ರ ಒಡೆದ ನೇಕಾರರಿಗೆ ಗಲ್ಲು ವಿಧಿಸುವ ಮಸೂದೆಯನ್ನು ವಿರೋಧಿಸಿ ಮಾತಾಡಿದ. ದುಡಿಯುವವನ ಕುತ್ತಿಗೆ ಉಳಿಯಲಿ, ಆದರೆ ಅವನು ಕವಿಯಾಗುವುದು ಬ್ಯಾಡ! ಇಂಥ ಉದಾರಿಗಳನ್ನು ನಾವು ಕನ್ನಡದಲ್ಲೂ ಕಂಡಿದ್ದೇವೆ. ನಮ್ಮ ನೋವಿನ ಬಗ್ಗೆ ಕಣ್ಣೀರು ಸುರಿಸಿ ಭಾಷಣ ಮಾಡುತ್ತಾರೆ. ನಮ್ಮ ಪದ್ಯ ಮಾತ್ರ "ಇದು ಘೋಷಣೆ, ಕಾವ್ಯವಲ್ಲ" ಅಂತ ವಾಪಸ್ ಬರುತ್ತದೆ.

ಕೀಟ್ಸನೇನು ಬಚಾವಾದನೇ? ಅವನ ಅಪ್ಪ ಬಾಡಿಗೆ ಕುದುರೆಗಳ ಲಾಯ ನೋಡಿಕೊಳ್ಳುತ್ತಿದ್ದವನು. ಕೀಟ್ಸ್ ಔಷಧಿ ಕೊಡುವ ಕೆಲಸ ಕಲಿತವನು. 1818ರಲ್ಲಿ 'ಬ್ಲ್ಯಾಕ್‌ವುಡ್ಸ್' ಪತ್ರಿಕೆಯ ವಿಮರ್ಶಕ, ಪದ್ಯ ಬಿಟ್ಟು ನಿನ್ನ ಅಂಗಡಿಗೆ, ನಿನ್ನ ಗುಳಿಗೆ ಮುಲಾಮುಗಳಿಗೆ ಹೋಗು ಅನ್ನುವ ಅರ್ಥದಲ್ಲಿ ಬರೆದ. ನಿನ್ನ ಕಸುಬಿಗೆ ಹೋಗು! ಈ ಮಾತು ನಮಗೆ ಇಂಗ್ಲಿಷಿನಲ್ಲಿ ತಿಳಿಯಬೇಕಾಗಿಲ್ಲ. ಕನ್ನಡದಲ್ಲೇ ಕೇಳಿ ಕಿವಿ ಕಿವುಡಾಗಿವೆ. ಆದರೂ ಪಾಠದಲ್ಲಿ ಕೀಟ್ಸ್ ಅಂದರೆ ಬರೀ ಸೌಂದರ್ಯ. ಅವನಿಗೆ ಬಿದ್ದ ಆ ಏಟು ಗೈಡಿನಲ್ಲಿ ಇಲ್ಲ.

ಶೆಲ್ಲಿಯದೂ ಅದೇ ಕಥೆ. 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಮತದ ಹಕ್ಕು ಕೇಳಲು ಸುಮಾರು 60,000 ಜನ ಸೇರಿದ್ದರು. ಹೆಂಗಸರು, ಕೂಸುಗಳು ಇದ್ದರು. ಕುದುರೆ ಸವಾರರು ಕತ್ತಿ ಹಿರಿದು ನುಗ್ಗಿದರು. ಕನಿಷ್ಠ 15 ಜನ ಸತ್ತರು, ನೂರಾರು ಜನ ಗಾಯಗೊಂಡರು. ಇಟಲಿಯಲ್ಲಿದ್ದ ಶೆಲ್ಲಿ ಸುದ್ದಿ ಕೇಳಿ 'ದಿ ಮಾಸ್ಕ್ ಆಫ್ ಅನಾರ್ಕಿ' ಬರೆದು ಕಳಿಸಿದ. ಅಚ್ಚು ಹಾಕಲು ಸಂಪಾದಕನಿಗೆ ಧೈರ್ಯ ಸಾಲಲಿಲ್ಲ. ಕವಿ 1822ರಲ್ಲಿ ತೀರಿಕೊಂಡ, ಪದ್ಯ 1832ರಲ್ಲಿ ಬಂತು. ನಮಗೆ ಪಾಠಕ್ಕೆ ಇಟ್ಟದ್ದು ಅವನ ಬಾನಾಡಿ. ಮೈದಾನದಲ್ಲಿ ಬಿದ್ದ ಹೆಣಗಳು ಸಿಲೆಬಸ್ಸಿಗೆ ಬರಲಿಲ್ಲ.

ಇನ್ನು ಜಾನ್ ಕ್ಲೇರ್. ಈತನ ಬಗ್ಗೆ ಓದುವಾಗ ನಮ್ಮಲ್ಲಿ ಮಾತು ನಿಂತುಹೋಯಿತು. ಅಪ್ಪ ರಾಶಿ ಬಡಿಯುವ ಕೂಲಿ. ಮಗನೂ ಕೂಲಿ. 1820ರಲ್ಲಿ ಮೊದಲ ಕವನ ಸಂಕಲನ ಬಂದಾಗ ಮುಖಪುಟದಲ್ಲೇ ಹೆಸರಿನ ಪಕ್ಕ 'ನಾರ್ತಾಂಪ್ಟನ್‌ಶೈರಿನ ಒಬ್ಬ ರೈತಾಳು' ಅನ್ನುವ ಅರ್ಥದ ಪಟ್ಟಿ ಅಂಟಿಸಿದರು. ನಮಗೆ ಅಂಟಿಸುತ್ತಾರಲ್ಲ, ಹಾಗೆ! ಉಳಿದವರೆಲ್ಲ ಬರೇ ಕವಿಗಳು, ನಾವು ಮಾತ್ರ 'ದಲಿತ ಕವಿಗಳು'. ಆ ಹೆಸರನ್ನು ನಾವೇ ಎತ್ತಿ ಹಿಡಿದಾಗ ಅದು ಬಾವುಟ. ಅವರು ಅಂಟಿಸಿದಾಗ ಅದು ಪಂಕ್ತಿಯಲ್ಲಿ ಬೇರೆ ಇಟ್ಟ ತಾಟು.

ಕ್ಲೇರನ ಊರಿನ ಸುತ್ತಿನ ಬಯಲಿಗೆ ಬೇಲಿ ಹಾಕುವ ಕಾಯ್ದೆ 1809ರಲ್ಲಿ ಬಂತು. ನಮ್ಮ ಕಡೆ ಗಾಯರಾಣ ಅನ್ನುತ್ತೇವಲ್ಲ, ದನ ಮೇಯಿಸುವ, ಕಟ್ಟಿಗೆ ಆರಿಸುವ ಎಲ್ಲರ ನೆಲ, ಅಂಥದು ಹೊಲ ಇದ್ದವರ ಪಾಲಾಯಿತು. ನಮಗಿದು ಪುಸ್ತಕದ ಮಾತಲ್ಲ. ನಾರಾಯಣಪುರದ ಕಾಲುವೆ ಬಂತು. ನೀರು ಹೊಲ ಇದ್ದವರ ಹೊಲಕ್ಕೆ ಹೋಯಿತು, ಹೊಲ ಇಲ್ಲದವರು ಗುಳೆ ಹೋದರು. ಕ್ಲೇರ್ ತನ್ನ ಊರಿನ ಪದ್ಯದಲ್ಲಿ ದುಡ್ಡನ್ನು ಶಪಿಸಿದ. ಅವನಿಗೆ ನೆರವು ಕೊಡುತ್ತಿದ್ದ ಧಣಿಗೆ ಅದು ಹಿಡಿಸಲಿಲ್ಲ. ಮುಂದಿನ ಮುದ್ರಣದಲ್ಲಿ ಆ ಸಾಲುಗಳಿಗೆ ಕತ್ತರಿ ಬಿತ್ತು. ಅವನ ಕಾಗುಣಿತ, ಅವನ ಊರ ಮಾತು, ಎಲ್ಲದಕ್ಕೂ ಪ್ರಕಾಶಕರು ಸಾಣೆ ಹಿಡಿದರು. 'ಅದಾರ' ಅಂದರೆ ತಪ್ಪು, 'ಇದ್ದಾರೆ' ಅನ್ನಬೇಕು ಅಂತ ನಮ್ಮ ನಾಲಿಗೆಯ ಮೇಲೆ ಬರೆ ಹಾಕಿದವರು ಇದನ್ನು ಓದಲಿ.

1837ರಲ್ಲಿ ಅವನನ್ನು ಹುಚ್ಚಾಸ್ಪತ್ರೆಗೆ ಸೇರಿಸಿದರು. 1841ರಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಸುಮಾರು 80 ಮೈಲಿ ನಡೆದು ಊರು ಸೇರಿದ. ದಾರಿಯಲ್ಲಿ ಹಸಿವಿಗೆ ರಸ್ತೆ ಬದಿಯ ಹುಲ್ಲು ತಿಂದ. ಕೆಲವೇ ತಿಂಗಳಿಗೆ ಮತ್ತೊಂದು ಆಸ್ಪತ್ರೆಗೆ ಹಾಕಿದರು. 1864ರಲ್ಲಿ ಅಲ್ಲೇ ಸತ್ತ. 2020ರ ಲಾಕ್‌ಡೌನಿನಲ್ಲಿ ನಮ್ಮ ತಾಲ್ಲೂಕಿನ ಜನ ಗಂಟುಮೂಟೆ ಹೊತ್ತು ನಡೆದದ್ದು ನೆನಪಿದೆಯೇ? ನಮಗೆ ಕ್ಲೇರನನ್ನು ತಿಳಿಯಲು ಟಿಪ್ಪಣಿ ಬೇಕಾಗಿರಲಿಲ್ಲ, ಪುಸ್ತಕ ಬೇಕಾಗಿತ್ತು.

ಅದೇ 1841ರಲ್ಲಿ ನಮ್ಮ ಸುರಪುರಕ್ಕೆ ಮೆಡೋಸ್ ಟೇಲರ್ ಸಾಹೇಬ ಬಂದ. ಬಾಲಕ ರಾಜ ವೆಂಕಟಪ್ಪ ನಾಯಕನ ಸಂಸ್ಥಾನ ನೋಡಿಕೊಳ್ಳಲು ಬಂದವನು. ಅಷ್ಟೊತ್ತಿಗೆ ಅವನು ಠಕ್ಕರ ಮೇಲಿನ ಕಾದಂಬರಿ ಬರೆದು (1839) ಹೆಸರಾಗಿದ್ದ. ಗುಡ್ಡದ ಮೇಲಿನ ಅವನ ಬಂಗಲೆಯನ್ನು ಟೇಲರ್ ಮಂಜಿಲ್ ಅನ್ನುತ್ತೇವೆ. ನಮ್ಮ ಸೀಮೆಗೆ ಇಂಗ್ಲಿಷ್ ಸಾಹಿತ್ಯ ಮೊದಲು ಕಂಡದ್ದು ಹೀಗೆ, ಗುಡ್ಡದ ಮೇಲೆ, ಸಾಹೇಬನಾಗಿ. ಹುಲ್ಲು ತಿಂದು ನಡೆದ ಇಂಗ್ಲಿಷ್ ಕವಿ ಇಲ್ಲಿಯ ತನಕ ಬರಲೇ ಇಲ್ಲ. ಅವನನ್ನು ಕರೆತರುವ ಕೆಲಸ ಯಾರದಾಗಿತ್ತು?

ಕನ್ನಡದ ಹಿರಿಯರು ಆ ಕೆಲಸ ಮಾಡಿದರು ಅನ್ನುತ್ತಾರೆ. ಮಾಡಿದರು, ಅರ್ಧ. ಬಿ.ಎಂ. ಶ್ರೀಕಂಠಯ್ಯನವರು 1911ರಲ್ಲಿ ಧಾರವಾಡದಲ್ಲಿ ಕನ್ನಡ ತಲೆಯೆತ್ತುವ ಬಗೆ ಹೇಳಿದರು. 1920ರ ದಶಕದಲ್ಲಿ 'ಇಂಗ್ಲಿಷ್ ಗೀತಗಳು' ಕೊಟ್ಟರು. ಕಂದ ವೃತ್ತಗಳ ಬೇಡಿ ಕಳಚಿದ ಋಣ ನಾವು ಮರೆಯುವುದಿಲ್ಲ. ನಮ್ಮ ಪದ್ಯಗಳೂ ಆ ಸಡಿಲಾದ ನೆಲದ ಮೇಲೇ ಹುಟ್ಟಿದವು. ಆದರೆ ಒಂದು ಮಾತು ಕೇಳಬೇಕಾಗಿದೆ. ಸ್ಕಾಟ್ಲೆಂಡಿನ ನೇಗಿಲ ಕವಿ ಬರ್ನ್ಸ್ ಬರೆದ 'ಡಂಕನ್ ಗ್ರೇ' ಅನ್ನುವ ಹಾಸ್ಯದ ಪ್ರೇಮಗೀತೆಯನ್ನು ಅವರು ಕನ್ನಡಕ್ಕೆ ತಂದಾಗ ಅದು 'ಮಾದ ಮಾದಿ' ಆಯಿತು. ಮಾದ ಅನ್ನುವುದು ಮಾದಪ್ಪನ ಹೆಸರು, ಹಳೇ ಮೈಸೂರಿನ ಕಡೆ ಹಲವು ಜಾತಿಯವರು ಇಡುತ್ತಾರೆ, ಇದು ನಮಗೆ ಗೊತ್ತು. ನಮ್ಮ ಸೀಮೆಯ ಕಿವಿಗೆ ಮಾತ್ರ ಮಾದ ಅಂದರೆ ಮಾದರ ಕೇರಿಯೇ ಕೇಳುತ್ತದೆ. ನಕ್ಕು ಹಗುರಾಗುವ ಹಾಡಿಗೆ ಮಾದ ಬೇಕಾದ. ಪಾಪ, ಬರ್ನ್ಸ್ 1795ರಲ್ಲಿ ಪದವಿ ಬಿರುದುಗಳನ್ನು ಧಿಕ್ಕರಿಸಿ, ಬಡವನಾದರೂ ಮನುಷ್ಯ ಮನುಷ್ಯನೇ ಅಂತಲೂ ಹಾಡಿದ್ದ. ಆ ಹಾಡನ್ನು ಮಾದನ ಬಾಯಲ್ಲಿ ಇಟ್ಟು ನಮ್ಮ ತರಗತಿಯಲ್ಲಿ ಯಾರೂ ಕಲಿಸಲಿಲ್ಲ. ಜನರ ಆಡುಮಾತೇ ಕಾವ್ಯದ ಮಾತಾಗಬೇಕು ಅಂತ ವರ್ಡ್ಸ್‌ವರ್ತ್ 1800ರಲ್ಲೇ ಮುನ್ನುಡಿ ಬರೆದ. ಆ ಮುನ್ನುಡಿಯನ್ನು ನಾವು ಬಾಯಿಪಾಠ ಮಾಡಿದೆವು, ಯಾವ ಭಾಷೆಯಲ್ಲಿ? ನಮ್ಮ ಅವ್ವನಿಗೆ ತಿಳಿಯದ ಭಾಷೆಯಲ್ಲಿ.

1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ಊರು ಹತ್ತಿ ಉರಿಯಿತು, ಅವರ ಮಂತ್ರಿ ಪದವಿ ಹೋಯಿತು. ಇಂಗ್ಲಿಷ್ ಸಾಹಿತ್ಯ ಬೂಸಾ ಅಂತ ನಾವು ಅನ್ನುವುದಿಲ್ಲ. ಅಲ್ಲಿಂದ ಕಾಳು ತೂರಿ ಬಿಟ್ಟು ಹೊಟ್ಟು ತಂದವರು ಯಾರು ಅಂತ ಕೇಳುತ್ತೇವೆ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ನಮ್ಮ ಮುಖವೂ ಸಣ್ಣದಾಗುತ್ತದೆ. ಬ್ರಿಸ್ಟಲ್ ಊರಿನ ಆ್ಯನ್ ಯಿಯರ್ಸ್ಲಿ ಹಾಲು ಮಾರುವ ಹೆಂಗಸು. 1785ರಲ್ಲಿ ಅವಳ ಪದ್ಯಗಳು ಅಚ್ಚಾದವು. ಪುಸ್ತಕದಿಂದ ಬಂದ ಹಣವನ್ನು ಅವಳ ಕೈಗೆ ಕೊಡದೆ, ಬಡವಿಗೆ ದುಡ್ಡು ನಿಭಾಯಿಸಲು ಬರುವುದಿಲ್ಲ ಅಂತ, ದೊಡ್ಡಮನೆಯ ಲೇಖಕಿಯರು ತಮ್ಮ ಕೈಯಲ್ಲಿ ಇಟ್ಟುಕೊಂಡರು. ಇವಳು ಬಾಯಿ ಮುಚ್ಚಿ ಕೂಡಲಿಲ್ಲ. ಜಗಳಾಡಿ ತನ್ನ ಹಣ ತಾನು ತಗೊಂಡಳು. 1788ರಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ಕಾವ್ಯ ಬರೆದಳು. ಬರ್ಮುಡಾದಲ್ಲಿ ಗುಲಾಮಳಾಗಿ ಹುಟ್ಟಿದ ಮೇರಿ ಪ್ರಿನ್ಸ್ ತನ್ನ ಮೈಮೇಲಿನ ಬಾರುಕೋಲಿನ ಗೆರೆಗಳ ಕಥೆಯನ್ನು ತಾನೇ ಹೇಳಿ ಬರೆಸಿದಳು. ಅದು 1831ರಲ್ಲಿ ಲಂಡನ್ನಿನಲ್ಲಿ ಅಚ್ಚಾಗಿ ಒಂದೇ ವರ್ಷದಲ್ಲಿ ಮೂರು ಮುದ್ರಣ ಕಂಡಿತು. 1833ರಲ್ಲಿ ಗುಲಾಮಗಿರಿ ರದ್ದಿನ ಕಾಯ್ದೆ ಬಂತು. ಆ ಕಾಯ್ದೆಯಿಂದ ಈಸ್ಟ್ ಇಂಡಿಯಾ ಕಂಪನಿಯ ನೆಲವನ್ನು ಹೊರಗಿಟ್ಟರು. ನಮ್ಮ ದೇಶದಲ್ಲಿ ಜೀತ ನಿಷೇಧದ ಕಾಯ್ದೆಗೆ 1976 ಆಗಬೇಕಾಯಿತು.

ಮೇರಿ ಪ್ರಿನ್ಸ್ ಹೇಳಿದಳು, ಇನ್ನೊಬ್ಬ ಹೆಣ್ಣುಮಗಳು ಬರೆದುಕೊಂಡಳು. ನಮ್ಮ ಅವ್ವಂದಿರೂ ಹೇಳಬಲ್ಲರು. ಬರೆದುಕೊಳ್ಳುವ ಮಗಳು ಎಲ್ಲಿ? ಈ ಲೇಖನ ಬರೆಯಲು ಕೂತ ನಾವು ನಾಲ್ಕೈದು ಜನರಲ್ಲಿ ಒಬ್ಬ ಹುಡುಗಿಯೂ ಇಲ್ಲ. ನಮ್ಮ ತಂಗಿಯರನ್ನು ಹತ್ತನೇ ತರಗತಿಗೆ ಬಿಡಿಸಿದಾಗ ನಾವು ಯಾವ ಪಠ್ಯಪುಸ್ತಕ ಸಮಿತಿಯ ವಿರುದ್ಧವೂ ಧರಣಿ ಕೂಡಲಿಲ್ಲ. ಅವರ ಮದುವೆಯಲ್ಲಿ ಹಂದರ ಹಾಕಿದೆವು. ಇದನ್ನು ಮೇಲ್ಜಾತಿಯವರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಲು ಬರುವುದಿಲ್ಲ.

ಕಡೆಗೆ ಒಂದು ತಾರೀಖು. 1818ರ ಜನವರಿ 1.

ಅವತ್ತು ಲಂಡನ್ನಿನಲ್ಲಿ ಹೆಸರಿಲ್ಲದ ಒಬ್ಬರ ಕಾದಂಬರಿ ಹೊರಬಂತು. 'ಫ್ರಾಂಕೆನ್‌ಸ್ಟೈನ್'. ಬರೆದವಳು ಮೇರಿ ಶೆಲ್ಲಿ, ಇಪ್ಪತ್ತು ವರ್ಷದವಳು. ಒಬ್ಬ ವಿದ್ವಾಂಸ ಹೆಣಗಳ ತುಂಡು ಕೂಡಿಸಿ ಒಂದು ಜೀವ ಮಾಡುತ್ತಾನೆ. ಅದು ಕಣ್ಣು ಬಿಟ್ಟೊಡನೆ ಹೇಸಿ ಓಡಿಹೋಗುತ್ತಾನೆ. ಅದಕ್ಕೊಂದು ಹೆಸರೂ ಇಡುವುದಿಲ್ಲ. ಸಿನಿಮಾದವರು ಅದನ್ನು ರಾಕ್ಷಸ ಮಾಡಿದರು. ಪುಸ್ತಕದಲ್ಲಿ ಅದು ಏನು ಮಾಡುತ್ತದೆ ಗೊತ್ತೇ? ಒಂದು ಮನೆಯ ಗೋಡೆಗೆ ಹತ್ತಿದ ಕೊಟ್ಟಿಗೆಯಲ್ಲಿ ಅಡಗಿ ಕೂತು, ಬಿರುಕಿನಿಂದ ನೋಡುತ್ತ, ಒಳಗೆ ಬೇರೆಯವರಿಗೆ ಹೇಳುವ ಪಾಠ ಕೇಳಿ ಮಾತು ಕಲಿಯುತ್ತದೆ, ಓದು ಕಲಿಯುತ್ತದೆ. ಕದ್ದು ಆ ಮನೆಗೆ ಕಟ್ಟಿಗೆ ಒದಗಿಸುತ್ತದೆ. ದಾರಿಯಲ್ಲಿ ಸಿಕ್ಕ ಮಿಲ್ಟನ್ನನ ಮಹಾಕಾವ್ಯ ಓದುತ್ತದೆ. ಒಂದು ದಿನ ಧೈರ್ಯ ಮಾಡಿ ಒಳಗೆ ಹೋಗುತ್ತದೆ. ಕುರುಡ ಮುದುಕ ಪ್ರೀತಿಯಿಂದ ಮಾತಾಡಿಸುತ್ತಾನೆ. ಕಣ್ಣಿದ್ದವರು ಬಂದು ಬಡಿಗೆಯಿಂದ ಹೊಡೆದು ಓಡಿಸುತ್ತಾರೆ.

ಗೋಡೆಯ ಹೊರಗೆ ಕೂತು ಅಕ್ಷರ ಕಲಿತವರ ಕಥೆ! ಶೂದ್ರನ ಕಿವಿಗೆ ಕಾದ ಸೀಸ ಹೊಯ್ಯಿರಿ ಅಂದ ದೇಶದಲ್ಲಿ, ತರಗತಿಯ ಮೂಲೆಯಲ್ಲಿ ಗೋಣಿತಾಟಿನ ಮೇಲೆ ಕೂತು ಓದಿದ ಬಾಬಾಸಾಹೇಬರ ದೇಶದಲ್ಲಿ, ಈ ಪುಸ್ತಕವನ್ನು ದೆವ್ವದ ಕಥೆ ಅಂತ ಪಕ್ಕಕ್ಕೆ ಇಟ್ಟರು. ರಮ್ಯ ಯುಗದ ಹತ್ತು ಲಕ್ಷಣಗಳಲ್ಲಿ ಇದು ಹನ್ನೊಂದನೆಯದೂ ಆಗಲಿಲ್ಲ.

ಅದೇ 1818ರ ಜನವರಿ 1ರಂದು, ಭೀಮಾ ನದಿಯ ದಂಡೆಯ ಕೋರೆಗಾಂವದಲ್ಲಿ, ಕಂಪನಿಯ ಒಂದು ಸಣ್ಣ ಪಡೆ ಪೇಶ್ವೆಯ ದಂಡನ್ನು ಎದುರಿಸಿತು. ಆ ಪಡೆಯಲ್ಲಿ ಬಹಳ ಜನ ಮಹಾರರಿದ್ದರು. ಕಂಪನಿಯ ಸಂಬಳಕ್ಕೆ ಕಾದಿದರು, ನಿಜ. ಆದರೆ ಅಲ್ಲಿಯ ಕಲ್ಲಿನ ಸ್ತಂಭದ ಮೇಲೆ 'ನಾಕ' ಅಂತ ಮುಗಿಯುವ ಅವರ ಹೆಸರುಗಳಿವೆ. 1927ರ ಜನವರಿ 1ರಂದು ಬಾಬಾಸಾಹೇಬರು ಅಲ್ಲಿಗೆ ಹೋಗಿ ನಿಂತರು. ಆ ಬ್ರಿಟಿಷರೂ 1890ರ ದಶಕದಲ್ಲಿ ಮಹಾರರನ್ನು ಸೈನ್ಯಕ್ಕೆ ತಗೊಳ್ಳುವುದನ್ನು ನಿಲ್ಲಿಸಿದರು. ಮಾಡಿದವನು ಕೈಬಿಟ್ಟು ಓಡಿಹೋಗುವ ಕಥೆ ಅಲ್ಲಿಗೂ ಬಂತು. ಆ ಭೀಮೆಯೇ ಯಾದಗಿರಿಯ ಪಕ್ಕ ಹರಿದು ನಮ್ಮ ಕೃಷ್ಣೆಗೆ ಸೇರುತ್ತಾಳೆ. ಒಂದೇ ದಿನ ಅಲ್ಲೊಂದು ಹೆಸರಿಲ್ಲದ ಜೀವ ಪುಸ್ತಕದಲ್ಲಿ ಹುಟ್ಟಿತು, ಇಲ್ಲಿ ಹೆಸರಿಲ್ಲದವರ ಹೆಸರು ಕಲ್ಲಿನ ಮೇಲೆ ಬರಲು ದಾರಿಯಾಯಿತು. ಇವೆರಡನ್ನೂ ಒಂದೇ ಪಾಠದಲ್ಲಿ ಹೇಳುವ ಮಾಸ್ತರರು ನಮಗೆ ಸಿಗಲಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಸರಳ. ವರ್ಡ್ಸ್‌ವರ್ತನನ್ನು ತೆಗೆಯಿರಿ ಅಂತ ನಾವು ಅನ್ನುವುದಿಲ್ಲ. ಅವನ ಪಕ್ಕ ಬ್ಲೂಮ್‌ಫೀಲ್ಡನನ್ನು ಕೂಡಿಸಿರಿ, ಒಂದೇ ಬೆಂಚಿನ ಮೇಲೆ. ಕ್ಲೇರನನ್ನು ಅವನ ಊರ ಮಾತಿನಲ್ಲೇ ಅಚ್ಚು ಹಾಕಿರಿ. ಶೆಲ್ಲಿಯ ಬಾನಾಡಿಯ ಜೊತೆ ಮ್ಯಾಂಚೆಸ್ಟರಿನ ಹೆಣಗಳನ್ನೂ ತನ್ನಿರಿ. ಯಿಯರ್ಸ್ಲಿಯನ್ನು, ಮೇರಿ ಪ್ರಿನ್ಸಳನ್ನು ಕನ್ನಡಕ್ಕೆ ತನ್ನಿರಿ. ಆಗದಿದ್ದರೆ ಬಿಡಿರಿ, ನಮ್ಮ ಕಡೆಯಿಂದ ಆದಷ್ಟು ನಾವು ತರುತ್ತೇವೆ. ನಮ್ಮ ಇಂಗ್ಲಿಷ್ ಕುಂಟುತ್ತದೆ. ಕುಂಟುತ್ತಲೇ ಬರುತ್ತೇವೆ.

ಈ ಸುಗ್ಗಿ ಮುಗಿದ ಮೇಲೆ, ಗುಳೆ ಹೋಗುವವರು ಹೋಗುವ ಮೊದಲು, ನಮ್ಮ ಕೇರಿಯ ಕಟ್ಟೆಯ ಮೇಲೆ ಮೇರಿ ಪ್ರಿನ್ಸಳ ಕಥೆ ಓದುತ್ತೇವೆ. ಓದುವವಳು ಈ ವರ್ಷ ಹತ್ತನೇ ತರಗತಿ ಪಾಸಾದ ನಮ್ಮ ತಂಗಿ. ಅವಳನ್ನು ಸಾಲಿ ಬಿಡಿಸುವುದಿಲ್ಲ ಅಂತ ಈ ಸಲ ಮನೆಯಲ್ಲಿ ಜಗಳ ಮಾಡಿಯೇ ಈ ಮಾತು ಬರೆಯುತ್ತಿದ್ದೇವೆ. ಗುರುಗಳೂ ಬರಲಿ. ಕುರ್ಚಿ ಇರುವುದಿಲ್ಲ, ಎಲ್ಲರಿಗೂ ನೆಲವೇ. ಅವತ್ತು ಕೇಳಿದ ಆ ಅವ್ವ ಮುಂದಿನ ಸಾಲಿನಲ್ಲಿ ಕೂತಿರುತ್ತಾಳೆ. ಅವಳಿಗೆ ನಾವು ಒಂದು ಉತ್ತರ ಬಾಕಿ ಇದ್ದೇವೆ:

ಅದಾರಬೇ. ಬಾಳ ಮಂದಿ ಅದಾರ. ನಮಗ ತೋರಿಸಿರಲಿಲ್ಲ, ಅಷ್ಟೇ.